ಡಾಕ್ಟ್ರಮ್ಮನ ಜಿಮ್ನಿಗೆ ಡ್ರಾಯರ್ ಪೆಟ್ಟಿಗೆ: ಒಂದು ಪ್ರಕರಣ ಅಧ್ಯಯನ

ಗಾಡಿ ಮಾರುತಿ ಸುಜುಕಿ ಜಿಮ್ನಿ, ಐದು ಬಾಗಿಲಿನದು. ಅದನ್ನು ಓಡಿಸುವವರು ಪಾಂಡವಪುರದ ಸುತ್ತಿನ ಹಳ್ಳಿಗಳಲ್ಲಿ ಕೆಲಸ ಮಾಡುವ ಖಾಸಗಿ ಪಶುವೈದ್ಯೆ. ಊರವರು ಅವರನ್ನು ಡಾಕ್ಟ್ರಮ್ಮ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಮೇಲುಕೋಟೆ ಬೆಟ್ಟದ ಹಿಂಬದಿಯ ಕಲ್ಲುದಾರಿ, ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲಿನ ಮಣ್ಣುರಸ್ತೆ, ಕಬ್ಬಿನ ಟ್ರಾಕ್ಟರ್ ಓಡಾಡಿ ಬಿದ್ದ ಆಳದ ಜಾಡು, ಇವು ಅವರ ದಿನನಿತ್ಯದ ದಾರಿಗಳು. ಮಳೆಗಾಲದಲ್ಲಿ ಗದ್ದೆ ಬದಿಯ ಕೊಟ್ಟಿಗೆಗೆ ಹೋಗಬೇಕಾದರೆ ಫೋರ್-ವೀಲ್ ಹಾಕದೆ ಆಗುವುದಿಲ್ಲ. ಈ ಗಾಡಿ ಕೊಂಡಿದ್ದೂ ಅದಕ್ಕೇ.

ತೊಂದರೆ ಇದ್ದದ್ದು ಗಾಡಿಯ ಹಿಂಭಾಗದಲ್ಲಿ. ಔಷಧಿ ಬಾಟಲಿಗಳು ರಟ್ಟಿನ ಡಬ್ಬಗಳಲ್ಲಿ, ಸಿರಿಂಜ್ ಮತ್ತು ಸೂಜಿ ಬಟ್ಟೆ ಅಂಗಡಿಯ ಚೀಲದಲ್ಲಿ, ಕರು ಎಳೆಯುವ ಹಗ್ಗ ಬಕೆಟ್ಟಿನಲ್ಲಿ, ಗಮ್‌ಬೂಟ್ ಅವುಗಳ ಮೇಲೆ. ಒಂದು ಹಳ್ಳ ಹಾರಿದರೆ ಎಲ್ಲವೂ ಕಲಸಿಹೋಗುತ್ತಿತ್ತು. ಹಗಲಲ್ಲಿ ಹುಡುಕಿಕೊಳ್ಳಬಹುದು. ರಾತ್ರಿ ಕರೆ ಬರುವುದು ಬೇರೆ ಥರ. "ಹಸ ಎದ್ದೇಳ್ತಿಲ್ಲ ಕಣವ್ವ, ಬಿರ್ರನೆ ಬನ್ನಿ" ಅಂತ ಫೋನ್ ಬಂದರೆ ಅದು ಹೆಚ್ಚಾಗಿ ಹಾಲು ಜ್ವರ. ಕರು ಹಾಕಿದ ಹಸುವಿನ ರಕ್ತದಲ್ಲಿ ಕ್ಯಾಲ್ಸಿಯಂ ದಿಢೀರನೆ ಇಳಿದು ಅದು ಕುಸಿದು ಕೂರುತ್ತದೆ, ಕತ್ತು ಪಕ್ಕಕ್ಕೆ ತಿರುಗಿಸಿಕೊಂಡು ಮಂಕಾಗುತ್ತದೆ. ತಡ ಮಾಡಿದರೆ ಹಸು ಉಳಿಯುವುದಿಲ್ಲ. 450 ಮಿಲೀ ಕ್ಯಾಲ್ಸಿಯಂ ಬಾಟಲಿ, ಡ್ರಿಪ್ ಸೆಟ್, ದಪ್ಪ ಸೂಜಿ, ಸ್ಟೆತಸ್ಕೋಪ್, ಈ ನಾಲ್ಕೂ ಒಟ್ಟಿಗೆ ಕೈಗೆ ಸಿಗಬೇಕು. ರಕ್ತನಾಳಕ್ಕೆ ಕ್ಯಾಲ್ಸಿಯಂ ಬೇಗ ಬಿಟ್ಟರೆ ಹೃದಯವೇ ನಿಲ್ಲಬಹುದು. ಹಾಗಾಗಿ ಎದೆಬಡಿತ ಕೇಳುತ್ತಾ ನಿಧಾನವಾಗಿ ಕೊಡಬೇಕಾದ ಕೆಲಸ ಅದು. ಆ ನಿಧಾನಕ್ಕೆ ಬೇಕಾದ ಹೊತ್ತನ್ನು ಚೀಲ ತಡಕಾಡುವುದರಲ್ಲಿ ಕಳೆಯುವ ಹಾಗಿಲ್ಲ.

ಡಾಕ್ಟ್ರಮ್ಮನ ಯಜಮಾನರು ನನ್ನ ಸಹೋದ್ಯೋಗಿ. ಮೈಸೂರಿನ ನನ್ನ ಮನೆಯ ಹಿಂದೆ ಒಂದು ಶೆಡ್ ಇದೆ, ಮರದ ಕೆಲಸ ನನ್ನ ಹವ್ಯಾಸ. ಹೀಗಾಗಿ ಗಾಡಿಯ ಹಿಂಭಾಗಕ್ಕೆ ಡ್ರಾಯರ್ ಪೆಟ್ಟಿಗೆ ಮಾಡುವ ಕೆಲಸ ನನ್ನ ಕಡೆ ಬಂತು. ಮಂಡಿ ಮೊಹಲ್ಲಾದ ಒಬ್ಬ ಹಿರಿಯ ಬಡಗಿ, ನಮ್ಮ ಆಚಾರ್ರು, ಜೊತೆಗೆ ನಿಂತರು.

ಮೊದಲು ತೂಕ

ಡಾಕ್ಟ್ರಮ್ಮ ತಂದಿದ್ದ ಚಿತ್ರ ಆಸ್ಟ್ರೇಲಿಯಾದ ಒಂದು ದೊಡ್ಡ ಗಾಡಿಯದು. ಹಿಂಬಾಗಿಲಿನಿಂದ ಮುಂದಿನ ಸೀಟಿನ ತನಕ ಉದ್ದದ ಎರಡು ಡ್ರಾಯರ್, ಮೇಲೆ ಮಲಗುವಷ್ಟು ಹಲಗೆ, ಪಕ್ಕದಲ್ಲಿ ಫ್ರಿಜ್. ಚೆನ್ನಾಗಿಯೇ ಇತ್ತು. ಅಲ್ಲಿನವರು ವಾರಗಟ್ಟಲೆ ಊರಿಲ್ಲದ ಬಯಲಲ್ಲಿ ಓಡಾಡುತ್ತಾರೆ, ಗಾಡಿಗಳೂ ಭಾರ ಹೊರುವಂಥವು. ಜಿಮ್ನಿಯ ಲೆಕ್ಕ ಬೇರೆ.

ಮಾದರಿ ನೋಡಿಕೊಂಡು ಜಿಮ್ನಿಯ ಖಾಲಿ ತೂಕ 1195ರಿಂದ 1210 ಕೆಜಿ. ಜನ, ಸಾಮಾನು ಎಲ್ಲ ಸೇರಿ ಮೀರಬಾರದ ಒಟ್ಟು ತೂಕ 1545 ಕೆಜಿ. ಅಂದರೆ ನಮಗೆ ಸಿಗೋದು 340 ಕೆಜಿ ಆಸುಪಾಸು. ಅದರಲ್ಲೇ ಮನುಷ್ಯರೂ ಬರಬೇಕು. ವಾರದ ದಿನಗಳಲ್ಲಿ ಡಾಕ್ಟ್ರಮ್ಮ ಮತ್ತು ಸಹಾಯಕ ಹುಡುಗ, ಇಬ್ಬರಿಂದ 125 ಕೆಜಿ ಅಂದುಕೊಳ್ಳಿ. ನೀರಿನ ಕ್ಯಾನ್, ಐಸ್ ಬಾಕ್ಸ್, ಔಷಧಿ, ಹಗ್ಗ, ಬಕೆಟ್ ಸೇರಿದರೆ ಇನ್ನೊಂದು 80, 90. ತೊಂದರೆ ಇಲ್ಲ. ಆದರೆ ಭಾನುವಾರ ಇದೇ ಗಾಡಿಯಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಮೈಸೂರಿಗೆ ಬರುತ್ತಾರೆ. ನಾಲ್ಕು ಜನ ಕೂತ ಮೇಲೆ ಉಳಿಯುವುದು 120 ಕೆಜಿ ಇರಬಹುದು.

ಈಗ ಆ ಚಿತ್ರದ ಪೆಟ್ಟಿಗೆ ನೋಡೋಣ. ಅಂಥದ್ದಕ್ಕೆ 18 ಮಿ.ಮೀ. ಪ್ಲೈವುಡ್ ಎರಡು ಶೀಟ್ ಬೇಕು. ಎಂಟಡಿ ನಾಲ್ಕಡಿಯ ಒಂದು ಶೀಟ್ ಸುಮಾರು 37 ಕೆಜಿ ತೂಗುತ್ತದೆ. ಎರಡು ಶೀಟಿಗೆ 75 ಕೆಜಿ ಹತ್ತಿರ. ಡ್ರಾಯರ್ ಜಾರಲು ಪಕ್ಕಕ್ಕೆ ಹಾಕುವ ಭಾರದ ಲೋಹದ ಚಾನೆಲ್, ಕಬ್ಬಿಣದ ಆಂಗಲ್ ಸೇರಿಸಿದರೆ ಒಂದೂ ಬಾಟಲಿ ಇಡುವ ಮೊದಲೇ 85 ದಾಟುತ್ತದೆ. ಗಾಡಿಯಲ್ಲಿ ಒಬ್ಬ ದೊಡ್ಡ ಆಳು ಯಾವಾಗಲೂ ಕೂತೇ ಇರುವಷ್ಟು ಭಾರ ಅದು. ಅದರಲ್ಲೂ ಒಂದು ಪಾಲು ಹಿಂದಿನ ಆಕ್ಸಲ್‌ನ ಆಚೆ. ಆಕ್ಸಲ್‌ಗಿಂತ ಹಿಂದೆ ಬಿದ್ದ ಭಾರ ಮುಂದಿನ ಚಕ್ರಗಳ ಮೇಲಿನ ಒತ್ತಡವನ್ನು ಕಡಿಮೆ ಮಾಡುತ್ತದೆ. ಕೆಸರಿನಲ್ಲಿ ಸ್ಟೀರಿಂಗ್ ಹಿಡಿತ ಬೇಕಾಗಿರುವ ಗಾಡಿಗೆ ಇದು ಸಲ್ಲದು.

ಡ್ರಾಯರ್ ಮಾಡಿಸಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಪ್ಲೈ ಅಂಗಡಿಗೆ ಹೋಗುವ ಮೊದಲು ಗಾಡಿಯ ಪುಸ್ತಕ ತೆಗೆದು ಎರಡು ಸಂಖ್ಯೆ ನೋಡಿ, ಕಳೆಯಿರಿ, ಜನರನ್ನು ಕಳೆಯಿರಿ. ಉಳಿದದ್ದರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿಯನ್ನು ಖಾಲಿ ಪೆಟ್ಟಿಗೆಯೇ ತಿಂದರೆ ಆ ಚಿತ್ರ ನಿಮ್ಮ ಗಾಡಿಗಲ್ಲ. ಈ ನಾಲ್ಕನೇ ಒಂದು ಭಾಗ ನನ್ನ ಅಂದಾಜು, ಆದರೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು ಅಲ್ವಾ?

ಹಿಂದಿನ ಸೀಟು ಕಿತ್ತು ಜಾಗ ಮಾಡೋಣ ಅನ್ನುವ ಮಾತೂ ಬಂತು. ಅದನ್ನು ಅಲ್ಲೇ ಬಿಟ್ಟೆವು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಆಸನಗಳ ಸಂಖ್ಯೆ ಆರ್.ಸಿ.ಯಲ್ಲಿ ಬರೆದಿರುತ್ತದೆ. ಅಲ್ಲದೆ ಅದು ಮಕ್ಕಳನ್ನು ಕೂರಿಸಿಕೊಂಡು ಹೋಗುವ ಸೀಟು.

ಹಾಗಾಗಿ ತೀರ್ಮಾನ ಹೀಗಾಯಿತು. ಪೆಟ್ಟಿಗೆ ಚಿಕ್ಕದು, ಹಿಂದಿನ ಸೀಟಿನ ಬೆನ್ನಿಗೂ ಹಿಂಬಾಗಿಲಿಗೂ ನಡುವಿನ ಜಾಗಕ್ಕೆ ಮಾತ್ರ. ಎತ್ತರ ಮಡಚಿದ ಸೀಟಿನ ಬೆನ್ನಿನ ಮಟ್ಟಕ್ಕೆ ಸರಿಯಾಗಿ. ಈ ಗಾಡಿಯಲ್ಲಿ ಸೀಟು ಮಡಚಿದರೆ ನೆಲ ಸಮ ಆಗುವುದಿಲ್ಲ, ಒಂದು ಮೆಟ್ಟಿಲು ಉಳಿಯುತ್ತದೆ. ಪೆಟ್ಟಿಗೆ ಆ ಮೆಟ್ಟಿಲನ್ನು ತುಂಬಿಬಿಟ್ಟರೆ ಸೀಟು ಮಡಚಿದಾಗ ಮೇಲೆ ಉದ್ದನೆಯ ಸಮತಟ್ಟು ಸಿಗುತ್ತದೆ. ಕರು ಎಳೆಯುವ ಉದ್ದದ ಸಲಕರಣೆಗಳು ಅಲ್ಲಿ ಮಲಗುತ್ತವೆ. ಭಾನುವಾರ ಬೇಕೆಂದರೆ ಇಬ್ಬರು ಸೇರಿ ಪೆಟ್ಟಿಗೆಯನ್ನು ಕೆಳಗಿಳಿಸಬೇಕು. ಅಲ್ಲಿಗೆ ಖಾಲಿ ಪೆಟ್ಟಿಗೆಯ ಮಿತಿ 25 ಕೆಜಿ.

ಟಾರ್ಪಾಲಿನ ಮೇಲೆ

ಅಳತೆ ಟೇಪು ಹಿಡಿಯುವ ಮೊದಲು ಅವರ ಮನೆ ಅಂಗಳದಲ್ಲಿ ಟಾರ್ಪಾಲ್ ಹಾಸಿ ಗಾಡಿಯಲ್ಲಿದ್ದ ಪ್ರತಿಯೊಂದು ವಸ್ತುವನ್ನೂ ಇಳಿಸಿದೆವು. ಜಾತಿ ಪ್ರಕಾರ ಅಲ್ಲ, ಬೇಕಾಗುವ ಅವಸರದ ಪ್ರಕಾರ ಜೋಡಿಸಿ ಅಂತ ಡಾಕ್ಟ್ರಮ್ಮನನ್ನು ಕೇಳಿದೆ. ಅವರು ಒಂದೂ ಮಾತಾಡದೆ ಸಾಲು ಮಾಡುತ್ತಾ ಹೋದರು. ಮೊದಲ ಸಾಲಿನಲ್ಲಿ ಕ್ಯಾಲ್ಸಿಯಂ, ಡ್ರಿಪ್ ಸೆಟ್, ಸೂಜಿ. ಅದರ ಪಕ್ಕ ಹೊಟ್ಟೆಯುಬ್ಬರಕ್ಕೆ ಬೇಕಾದ ನಳಿಗೆ ಮತ್ತು ಚುಚ್ಚುವ ಟ್ರೋಕಾರ್. ಎರಡನೇ ಸಾಲಿನಲ್ಲಿ ಹೆರಿಗೆಯವು: ಭುಜದವರೆಗಿನ ಗ್ಲೌಸ್, ಹಗ್ಗ, ಜಾರುವ ದ್ರವ. ಮೂರನೆಯದರಲ್ಲಿ ಕೃತಕ ಗರ್ಭಧಾರಣೆಯವು. ಕೊನೆಯಲ್ಲಿ ಜಂತು ಔಷಧಿ, ಖನಿಜ ಮಿಶ್ರಣ, ರಸೀದಿ ಪುಸ್ತಕ. ಇವನ್ನು ಯಾರೂ ಅರ್ಧರಾತ್ರಿ ಕೇಳುವುದಿಲ್ಲ.

ಈ ಜೋಡಣೆಯೇ ಡ್ರಾಯರಿನ ನಕ್ಷೆ ಆಯಿತು. ಆಚಾರ್ರು ಮೊದಲು ಸಮನಾದ ಎರಡು ಡ್ರಾಯರ್ ಅಂದುಕೊಂಡಿದ್ದರು. ನೋಡೋಕೆ ಚೆಂದ ಅಂತ. ಆದರೆ ಕೃತಕ ಗರ್ಭಧಾರಣೆಯ ಗನ್, ಅಂದರೆ ವೀರ್ಯ ಬಿಡುವ ಸಪೂರ ಕೊಳವೆ, ಒಂದೂವರೆ ಅಡಿ ಉದ್ದ. ಪೆಟ್ಟಿಗೆಯ ಆಳ ಅಷ್ಟಿಲ್ಲ. ಅದನ್ನು ಅಡ್ಡಡ್ಡ ಮಲಗಿಸಬೇಕು, ಅಂದರೆ ಒಂದು ಡ್ರಾಯರ್ ಒಂದೂವರೆ ಅಡಿಗಿಂತ ಅಗಲ ಇರಬೇಕು. ಇನ್ನೊಂದು ಅಷ್ಟೇ ಕಿರಿದಾಗುತ್ತದೆ. ಡ್ರಾಯರಿನ ಒಳಗಿನ ಎತ್ತರವನ್ನು ಹೇಳಿದ್ದು ಕ್ಯಾಲ್ಸಿಯಂ ಬಾಟಲಿ: ಅದು ನಿಂತುಕೊಂಡೇ ಇರಬೇಕು, ಮಲಗಿಸಿದರೆ ಕತ್ತಲಲ್ಲಿ ಲೇಬಲ್ ಕಾಣುವುದಿಲ್ಲ.

ಯಾವ ಡ್ರಾಯರ್ ಯಾವ ಕಡೆ ಅನ್ನುವುದನ್ನು ಗಾಡಿಯ ಬಾಗಿಲು ತೀರ್ಮಾನಿಸಿತು. ಜಿಮ್ನಿಯ ಹಿಂಬಾಗಿಲು ಮೇಲಕ್ಕೆ ಏಳುವುದಿಲ್ಲ, ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಮೇಲೆ ಸ್ಟೆಪ್ನಿ ಬೇರೆ ಹೊತ್ತಿರುತ್ತದೆ. ಹಳ್ಳಿಯ ಓಣಿಯಲ್ಲಿ ಪೂರ್ತಿ ತೆರೆಯಲು ಎಷ್ಟೋ ಸಲ ಜಾಗವೇ ಇರುವುದಿಲ್ಲ. ಹಾಗಾಗಿ ಬಾಗಿಲು ಮೊದಲು ಬಾಯಿ ಬಿಡುವ ಕಡೆಗೆ ಕಿರಿದಾದ ಡ್ರಾಯರ್ ಇಟ್ಟೆವು. ಅವಸರದ ಸಾಮಾನೆಲ್ಲ ಅದರಲ್ಲಿ. ಬಾಗಿಲು ಅರ್ಧ ತೆರೆದರೂ ಅದು ಹೊರಗೆ ಬರುತ್ತದೆ. ಅಗಲದ ಡ್ರಾಯರ್‌ಗೆ ಬಾಗಿಲು ಪೂರ್ತಿ ತೆರೆಯಬೇಕು, ಆದರೆ ಆ ಕೆಲಸಗಳಿಗೆ ಅಷ್ಟು ಅವಸರವೂ ಇಲ್ಲ.

ಎರಡು ವಸ್ತುಗಳನ್ನು ಡ್ರಾಯರ್‌ನಿಂದ ಹೊರಗೇ ಇಟ್ಟೆವು. ಒಂದು ಲಸಿಕೆಯ ಐಸ್ ಬಾಕ್ಸ್. ಲಸಿಕೆಗಳಿಗೆ 2ರಿಂದ 8 ಡಿಗ್ರಿ ಬೇಕು. ಬಿಸಿಲಲ್ಲಿ ನಿಂತ ಗಾಡಿಯ ಮರದ ಡ್ರಾಯರ್ ಅದಕ್ಕೆ ತಕ್ಕ ಜಾಗ ಅಲ್ಲ. ಅದು ಮುಂದೆ, ಸೀಟಿನ ನೆರಳಲ್ಲಿ ಇರುತ್ತದೆ.

ಎರಡನೆಯದು ದ್ರವ ಸಾರಜನಕದ ಮೂರು ಲೀಟರ್ ಕಂಟೇನರ್. ವೀರ್ಯದ ಕಡ್ಡಿಗಳು ಇರುವುದು ಅದರಲ್ಲೇ, ಮೈನಸ್ 196 ಡಿಗ್ರಿಯಲ್ಲಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಡಾಕ್ಟ್ರಮ್ಮನ ಸಹಾಯಕ ಹುಡುಗನಿಗೆ ಅದಕ್ಕೂ ಒಂದು ಮುಚ್ಚಿದ ಗೂಡು ಬೇಕಿತ್ತು. ಒಂದು ಲೀಟರ್ ದ್ರವ ಸಾರಜನಕ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಮೂರು ಲೀಟರ್ ಚೆಲ್ಲಿದರೆ 2000 ಲೀಟರಿಗೂ ಜಾಸ್ತಿ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಿಟಕಿ ಹಾಕಿದ ಸಣ್ಣ ಗಾಡಿಯೊಳಗೆ ಅದು ಉಸಿರಾಡುವ ಗಾಳಿಯನ್ನು ತಳ್ಳಿ ತಾನು ತುಂಬಿಕೊಳ್ಳುತ್ತದೆ, ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಕಂಟೇನರಿನ ಮುಚ್ಚಳ ಸಡಿಲವಾಗಿ ಕೂರುವುದು ಅದಕ್ಕೇ, ಒಳಗಿನ ಅನಿಲ ನಿಧಾನವಾಗಿ ಹೊರಬರಲಿ ಅಂತ. ಅದನ್ನು ಬಿಗಿದು ಮುಚ್ಚಿದರೆ ಒತ್ತಡ ಏರಿ ಸಿಡಿಯುತ್ತದೆ. ಹಾಗಾಗಿ ಅದಕ್ಕೆ ಗೂಡು ಇಲ್ಲ. ಹಿಂದಿನ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ, ಪ್ಲೈವುಡ್‌ನ ದುಂಡು ಕಟ್ಟಿನೊಳಗೆ ನೆಟ್ಟಗೆ ನಿಂತು, ಪಟ್ಟಿಯಿಂದ ಕಟ್ಟಿಸಿಕೊಂಡು ಕಣ್ಣಿಗೆ ಕಾಣುವ ಹಾಗೆ ಇರುತ್ತದೆ. ಅದು ಗಾಡಿಯಲ್ಲಿದ್ದಷ್ಟು ಹೊತ್ತೂ ಎರಡು ಕಿಟಕಿ ಎರಡೆರಡು ಬೆರಳು ತೆರೆದಿರಬೇಕು, ಮಳೆ ಬಂದರೂ ಸರಿ. ಮಕ್ಕಳು ಹತ್ತುವ ದಿನ ಅದು ಗಾಡಿಯಲ್ಲಿ ಇರುವುದೇ ಇಲ್ಲ.

ಪೆಟ್ಟಿಗೆ ಕಟ್ಟಿದ್ದು

ಗಾಡಿಯ ಒಳಗೆ ನೇರ ಗೆರೆ ಅನ್ನುವುದೇ ಇರುವುದಿಲ್ಲ. ಚಕ್ರದ ಉಬ್ಬು, ಪ್ಲಾಸ್ಟಿಕ್ಕಿನ ಬಾಗು, ಓರೆಯಾದ ಸೀಟಿನ ಬೆನ್ನು. ಟೇಪಿನಲ್ಲಿ ಎಷ್ಟು ಅಳೆದರೂ ಪೆಟ್ಟಿಗೆ ಕೂರಿಸುವಾಗ ಎಲ್ಲೋ ತಗಲುತ್ತದೆ. ಫ್ರಿಜ್ ಬಂದ ರಟ್ಟಿನ ಡಬ್ಬ ಒಡೆದು ಪೂರ್ತಿ ಗಾತ್ರದ ರಟ್ಟಿನ ಪೆಟ್ಟಿಗೆ ಮಾಡಿ ಗಾಡಿಯಲ್ಲಿಟ್ಟು ಬಾಗಿಲು ಹಾಕಿ, ಸೀಟು ಹಿಂದೆ ಮುಂದೆ ಮಾಡಿ ನೋಡಿದೆವು. ಬಾಗಿಲಿನ ಒಳಮೈ ಒಂದು ಕಡೆ ಉಬ್ಬಿಕೊಂಡಿದೆ. ಲ್ಯಾಚುಗಳು ಅಲ್ಲಿಗೆ ಬರದ ಹಾಗೆ ಜಾಗ ಬದಲಿಸಿದೆವು. ಜ್ಯಾಕ್ ಮತ್ತು ಸ್ಪ್ಯಾನರ್ ಪೆಟ್ಟಿಗೆಯ ಕೆಳಗೆ ಸಿಕ್ಕಿಕೊಳ್ಳದ ಹಾಗೆ ಪಕ್ಕದ ಸಂದಿಗೆ ಬಂದವು. ಪಂಕ್ಚರ್ ಆದ ರಾತ್ರಿ ಬೋಲ್ಟ್ ಬಿಚ್ಚಿ ಕೂರಲು ಯಾರಿಗೂ ಆಗುವುದಿಲ್ಲ.

ಪ್ಲೈವುಡ್ 12 ಮಿ.ಮೀ., ಮರೈನ್ ದರ್ಜೆ. ಐ.ಎಸ್. 710 ಅನ್ನುವ ಗುರುತು ಇರುವುದನ್ನೇ ಕೇಳಿ ತಂದೆವು. ಇದನ್ನು 72 ಗಂಟೆ ನೀರಿನಲ್ಲಿ ಕುದಿಸಿ ಪದರ ಬಿಡುವುದಿಲ್ಲ ಅಂತ ಪರೀಕ್ಷಿಸಿರುತ್ತಾರೆ. ಕೊಟ್ಟಿಗೆ ಕೆಲಸ ಅಂದರೆ ಗಂಜಲ, ಫಿನಾಯಿಲ್, ತೊಳೆದ ಬೂಟಿನ ನೀರು ದಿನವೂ ಇದ್ದದ್ದೇ. ಇಲ್ಲಿ ಪ್ಲೈನಲ್ಲಿ ದುಡ್ಡು ಉಳಿಸಬಾರದು. ಡ್ರಾಯರ್‌ಗಳ ಗೋಡೆಗೆ 9 ಮಿ.ಮೀ., ತಳಕ್ಕೆ 6 ಮಿ.ಮೀ. ಸಾಕಾಯಿತು. ತಳವನ್ನು ಕೆಳಗಿಂದ ಮೊಳೆ ಹೊಡೆದು ನಿಲ್ಲಿಸಲಿಲ್ಲ, ಗೋಡೆಗಳಲ್ಲಿ ಉದ್ದಕ್ಕೆ ಕಚ್ಚು ತೆಗೆದು ಅದರೊಳಗೆ ತೂರಿಸಿದೆವು. ಗುಂಡಿ ಹಾರಿದಾಗ ಬಾಟಲಿಗಳ ಪೂರ್ತಿ ಏಟು ತಳಕ್ಕೇ ಬೀಳುವುದು. ಮೊಳೆ ಮೇಲೆ ನಿಂತ ತಳ ಒಂದು ಮಳೆಗಾಲಕ್ಕೆ ಬಾಯಿ ಬಿಡುತ್ತದೆ.

ಮೂಲೆಗಳಿಗೆ ಫೆವಿಕಾಲ್ ಮತ್ತು ಸ್ಕ್ರೂ ಜೊತೆಗೆ ಒಳಗಿಂದ ಅಲ್ಯೂಮಿನಿಯಂ ಆಂಗಲ್ ಕೊಟ್ಟೆವು. ಪ್ಲೈವುಡ್ಡಿನ ಅಂಚಿಗೆ ಹೊಡೆದ ಸ್ಕ್ರೂ ಅಲುಗಾಟಕ್ಕೆ ನಿಧಾನವಾಗಿ ಸಡಿಲ ಆಗುತ್ತದೆ. ಮನೆಯ ಬೀರುವಿಗೆ ನಡೆಯುವ ಜೋಡಣೆ ಗಾಡಿಗೆ ನಡೆಯುವುದಿಲ್ಲ. ಎಲ್ಲ ಬೋಲ್ಟಿಗೂ ಒಳಗೆ ನೈಲಾನ್ ಬಳೆ ಇರುವ ನಟ್.

ಇನ್ನು ಜಾರುವ ವ್ಯವಸ್ಥೆ. ಇಲ್ಲಿ ಆಚಾರ್ರಿಗೂ ನನಗೂ ಜೋರು ಚರ್ಚೆಯೇ ಆಯಿತು. ನಾನು ಎರಡಕ್ಕೂ ಚಾನೆಲ್ ಬೇಡ ಅನ್ನುತ್ತಿದ್ದೆ. ಟೆಲಿಸ್ಕೋಪಿಕ್ ಚಾನೆಲ್ ಎರಡೂ ಪಕ್ಕ 13 ಮಿ.ಮೀ.ನಂತೆ ಜಾಗ ತಿನ್ನುತ್ತದೆ, ತೂಕ ಸೇರಿಸುತ್ತದೆ, ಬಾಲ್ ಬೇರಿಂಗಿನೊಳಗೆ ನಾಲೆ ಏರಿಯ ಧೂಳು ಕೂರುತ್ತದೆ. ಅದರ ಬದಲು ಅಡುಗೆಮನೆಯ ಕಟಿಂಗ್ ಬೋರ್ಡ್ ಮಾಡುವ ಬಿಳಿ ಎಚ್.ಡಿ.ಪಿ.ಇ. ಪ್ಲಾಸ್ಟಿಕ್ ಹಲಗೆಯಿಂದ ಪಟ್ಟಿ ಕತ್ತರಿಸಿ ಕೆಳಗೆ ಹಾಕಿದರೆ ಡ್ರಾಯರ್ ಅದರ ಮೇಲೆ ಸಲೀಸಾಗಿ ಜಾರುತ್ತದೆ. ಧೂಳು ಬಿದ್ದರೆ ಒರೆಸಿದರಾಯಿತು.

ಆಚಾರ್ರು ಅಲ್ಲೇ ಬಿದ್ದಿದ್ದ ಒಂದು ಅಗಲವಾದ ಹಳೇ ಡ್ರಾಯರನ್ನು ಎತ್ತಿ ಅದರ ಗೂಡಿಗೆ ತೂರಿಸಿ, ಒಂದು ಮೂಲೆ ಹಿಡಿದು ಎಳೆದರು. ಅದು ಓರೆಯಾಗಿ ಕಚ್ಚಿಕೊಂಡು ನಿಂತಿತು. "ನೋಡಿ ಸ್ವಾಮಿ, ಅಗಲ ಜಾಸ್ತಿ ಇದ್ದು ಆಳ ಕಮ್ಮಿ ಇದ್ರೆ ಹಿಂಗೇ. ನಡುಮಧ್ಯ ಹಿಡಿದು ಎಳೆದ್ರೆ ಮಾತ್ರ ಬರ್ತದೆ. ರಾತ್ರಿ ಹೊತ್ತು ಡಾಕ್ಟ್ರಮ್ಮ ನಡುಮಧ್ಯ ಹುಡುಕ್ತಾರಾ?" ಅಂದರು. ಅವರ ಮಾತು ಪೂರ್ತಿ ಸರಿ. ಒಂದು ಮೂಲೆಯಿಂದ ಎಳೆದಾಗ ಡ್ರಾಯರ್ ತಿರುಗಲು ನೋಡುತ್ತದೆ. ಆಳ ಇದ್ದರೆ ಪಕ್ಕದ ಗೋಡೆಗಳೇ ಅದನ್ನು ನೇರ ಹಿಡಿಯುತ್ತವೆ, ಆಳ ಇಲ್ಲದಿದ್ದರೆ ಎದುರುಬದುರು ಮೂಲೆಗಳು ಗೋಡೆಗೆ ಕಚ್ಚುತ್ತವೆ. ಮೇಣ ಸವರಿದರೂ ಇದು ಪೂರ್ತಿ ಹೋಗುವುದಿಲ್ಲ.

ಹಾಗಾಗಿ ಅಗಲದ ಡ್ರಾಯರಿಗೆ 14 ಇಂಚಿನ ಟೆಲಿಸ್ಕೋಪಿಕ್ ಚಾನೆಲ್, ಕಿರಿದಾದ್ದಕ್ಕೆ ಬಿಳಿ ಪಟ್ಟಿ. ಒಂದೇ ಪೆಟ್ಟಿಗೆಯಲ್ಲಿ ಎರಡು ರೀತಿ. ಚಾನೆಲ್‌ಗೆ ಗ್ರೀಸ್ ಹಚ್ಚಲಿಲ್ಲ, ಗ್ರೀಸ್ ಧೂಳನ್ನು ಹಿಡಿದು ಅರೆಯುವ ಹಿಟ್ಟಾಗುತ್ತದೆ. ಒಣ ಬ್ರಷ್ಷಿನಲ್ಲಿ ಗುಡಿಸಿದರೆ ಸಾಕು. ಬಿಳಿ ಪಟ್ಟಿಗೆ ಮಾಮೂಲಿ ಗೋಂದು ಹಿಡಿಯುವುದಿಲ್ಲ, ಸ್ಕ್ರೂ ತಲೆ ಒಳಗೆ ಮುಳುಗುವ ಹಾಗೆ ಕೊರೆದು ಕೂರಿಸಬೇಕು. ಪಟ್ಟಿಯ ಡ್ರಾಯರಿಗೆ ಒಂದು ಕೊರತೆ ಇದೆ: ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಎಳೆದರೆ ಬಗ್ಗುತ್ತದೆ. ಅಲ್ಲಿಗೇ ನಿಲ್ಲುವ ಹಾಗೆ ಒಂದು ತಡೆ ಕೊಟ್ಟೆವು. ಹಿಂದಿನ ಮೂರನೇ ಒಂದು ಭಾಗದಲ್ಲಿ ಹೆಚ್ಚುವರಿ ಬಾಟಲಿಗಳು, ಮುಂದೆ ಅವಸರದವು.

ಅಂಚುಗಳಿಗೆಲ್ಲ ಮೂರು ಕೋಟ್ ಪಾಲಿಯುರಿಥೇನ್. ಡ್ರಾಯರಿಗೂ ಗೂಡಿಗೂ ನಡುವೆ 3 ಮಿ.ಮೀ. ಸಂದಿ, ಮಳೆಗಾಲದಲ್ಲಿ ಮರ ಉಬ್ಬುವುದಕ್ಕೆ. ಒಳಗೆ ಹಳೇ ಯೋಗ ಮ್ಯಾಟ್ ಕತ್ತರಿಸಿ ಬಾಟಲಿಗಳಿಗೆ ಒಂದೊಂದು ಕುಳಿ.

ಲ್ಯಾಚ್ ವಿಷಯದಲ್ಲಿ ಆಚಾರ್ರ ಕೈಚಳಕ ನೋಡಬೇಕಿತ್ತು. ಮಾರುಕಟ್ಟೆಯ ಒತ್ತುವ ಲಾಕ್‌ಗಳ ಬದಲು, ಸ್ಟೀಲ್ ಟ್ರಂಕಿಗೆ ಹಾಕುವ, ಎಳೆದು ಮಡಚುವ ಕೊಂಡಿಗಳನ್ನು ತಂದರು. ಅವನ್ನು ಹಾಗೇ ಹಾಕಿದರೆ ದಾರಿಯುದ್ದಕ್ಕೂ ಕಟಕಟ ಅನ್ನುತ್ತವೆ. ಡ್ರಾಯರಿನ ಮುಖ ಗೂಡಿಗೆ ತಾಗುವ ಕಡೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ, ಕೊಂಡಿ ಹಾಕಿದಾಗ ಆ ರಬ್ಬರ್ ಅರ್ಧದಷ್ಟು ಅಮುಕುವ ಹಾಗೆ ಜಾಗ ಗುರುತಿಸಿದರು. ಈಗ ಕೊಂಡಿ ಯಾವಾಗಲೂ ಬಿಗಿಯಲ್ಲೇ ಇರುತ್ತದೆ, ಸದ್ದಿಲ್ಲ, ಧೂಳೂ ಒಳಗೆ ಹೋಗುವುದಿಲ್ಲ. ಗ್ಲೌಸ್ ಹಾಕಿದ ಒದ್ದೆ ಕೈಯ ಒಂದು ಬೆರಳಿಗೆ ತೆರೆಯುತ್ತದೆ. ಇದನ್ನು ಅವರು ತಾವೇ ಕೈ ನೆನೆಸಿಕೊಂಡು ಮತ್ತೆ ಮತ್ತೆ ತೆರೆದು ಹಾಕಿ ನೋಡಿದರು.

ಬಿಗಿದದ್ದು

ಗಾಡಿ ಡ್ರಾಯರ್ ಬಗ್ಗೆ ಜನ ಪ್ಲೈ, ಚಾನೆಲ್, ಕಾರ್ಪೆಟ್ ಬಗ್ಗೆ ತುಂಬಾ ಮಾತಾಡುತ್ತಾರೆ. ಗಾಡಿಗೆ ಹೇಗೆ ಬಿಗಿದಿರಿ ಅಂತ ಕೇಳುವವರು ಕಮ್ಮಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು.

ಸಾಮಾನು ತುಂಬಿದ ನಮ್ಮ ಪೆಟ್ಟಿಗೆ 50 ಕೆಜಿ ಅಂತಿಟ್ಟುಕೊಳ್ಳಿ. ಗಾಡಿ ಏನಕ್ಕಾದರೂ ಗುದ್ದಿದರೆ ಆ ಕ್ಷಣ ಅದು ಮುಂದಕ್ಕೆ ನುಗ್ಗುವ ಬಲ ಅದರ ತೂಕದ 20 ಪಟ್ಟು ಆಗಬಹುದು, ಅಂದರೆ ಒಂದು ಟನ್. ಅದರ ಮುಂದೆ ಇರುವುದು ಮಕ್ಕಳು ಕೂರುವ ಸೀಟಿನ ಬೆನ್ನು. ಆ ಬೆನ್ನು ತಡೆಯುತ್ತದೆ ಅಂತ ನಂಬುವ ಹಾಗಿಲ್ಲ. ಸೀಟುಗಳ ಬಗ್ಗೆ ಇರುವ ವಿಶ್ವಸಂಸ್ಥೆಯ 17ನೇ ನಿಯಮದಲ್ಲಿ ಸೀಟಿನ ಹಿಂದೆ 18 ಕೆಜಿಯ ಎರಡು ದಿಮ್ಮಿ ಇಟ್ಟು ಗಂಟೆಗೆ ಸುಮಾರು 50 ಕಿ.ಮೀ. ವೇಗದ ಅಪಘಾತದ ಹಾಗೆ ಪರೀಕ್ಷೆ ಮಾಡುತ್ತಾರೆ. ಎರಡೂ ಸೇರಿ 36 ಕೆಜಿ. ನಮ್ಮದು ಅದಕ್ಕಿಂತ ಜಾಸ್ತಿ. ಪೆಟ್ಟಿಗೆ ತನ್ನ ಭಾರವನ್ನು ತಾನೇ ನೆಲಕ್ಕೆ ಹಿಡಿದುಕೊಂಡಿರಬೇಕು, ಸೀಟನ್ನು ಒರಗಬಾರದು.

ಬೋಲ್ಟಿನ ಶಕ್ತಿ ಬಗ್ಗೆ ಹೆದರಬೇಕಿಲ್ಲ. 8.8 ದರ್ಜೆಯ 8 ಮಿ.ಮೀ. ಬೋಲ್ಟ್ ಒಂದೇ ಎರಡು ಟನ್‌ಗೂ ಜಾಸ್ತಿ ಎಳೆತ ತಡೆಯುತ್ತದೆ, 6 ಮಿ.ಮೀ.ನದು ಒಂದು ಟನ್‌ಗೂ ಜಾಸ್ತಿ. ಸೋಲುವುದು ಅದರ ಸುತ್ತಲಿನ ಮರ. 12 ಮಿ.ಮೀ. ಪ್ಲೈಗೆ ಸಣ್ಣ ವಾಷರ್ ಹಾಕಿ ಬಿಗಿದರೆ ಬೋಲ್ಟ್ ಗಟ್ಟಿಯಾಗಿ ನಿಂತಿರುತ್ತದೆ, ಪೆಟ್ಟಿಗೆ ಮಾತ್ರ ಅದನ್ನು ಹರಿದುಕೊಂಡು ಹೋಗುತ್ತದೆ. ಅದಕ್ಕೆ ಪೆಟ್ಟಿಗೆಯ ತಳದ ಒಳಗೆ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ 5 ಮಿ.ಮೀ. ದಪ್ಪದ ಎರಡು ಕಬ್ಬಿಣದ ಪಟ್ಟಿ ಹಾಯಿಸಿ, ತುದಿಗಳನ್ನು ಮೇಲಕ್ಕೆ ಬಗ್ಗಿಸಿ ಗೋಡೆಗೂ ಬಿಗಿದೆವು. ಬೋಲ್ಟ್ ಹಿಡಿಯುವುದು ಆ ಪಟ್ಟಿಯನ್ನು. ಪಟ್ಟಿಗಳ ತೂಕ ಎರಡು ಕೆಜಿ. ಈ ಪೆಟ್ಟಿಗೆಯಲ್ಲಿ ತೂಕದ ವಿಷಯಕ್ಕೆ ನಾನು ಜಿಪುಣತನ ಮಾಡದ ಜಾಗ ಇದೊಂದೇ.

ನೆಲಕ್ಕೆ ಹೊಸ ತೂತು ಕೊರೆಯಲಿಲ್ಲ. ಕೆಳಗೆ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್, ವೈರು ಇರುತ್ತವೆ. ತೂತಿನ ಅಂಚಿನಿಂದ ತುಕ್ಕು ಶುರುವಾಗುತ್ತದೆ. ಗಾಡಿಯಲ್ಲಿ ಮೊದಲೇ ಇರುವ, ಸಾಮಾನು ಕಟ್ಟಲು ಬಿಟ್ಟಿರುವ ಬೋಲ್ಟ್ ಜಾಗಗಳನ್ನೇ ಹುಡುಕಿ, ನಾಲ್ಕು ಕಡೆ ಹಿಡಿತ ಕೊಟ್ಟೆವು. ಸೀಟ್ ಬೆಲ್ಟಿನ ಬೋಲ್ಟುಗಳನ್ನು ಮುಟ್ಟಲಿಲ್ಲ. ಅವು ಹತ್ತಿರ ಇರುತ್ತವೆ, ಗಟ್ಟಿ ಇರುತ್ತವೆ, ಆಸೆಯೂ ಆಗುತ್ತದೆ. ಆದರೆ ಅವು ಇರುವುದು ಮನುಷ್ಯರನ್ನು ಹಿಡಿಯಲು. ಗುದ್ದಿದಾಗ ಒಂದು ಟನ್ ಬಲದಲ್ಲಿ ಎಳೆಯುವ ಪೆಟ್ಟಿಗೆಯನ್ನೂ ಅದೇ ಬೋಲ್ಟಿಗೆ ನೇತುಹಾಕುವುದು ಸುಮ್ನೆ ಅಪಾಯ ತಂದುಕೊಂಡ ಹಾಗೆ.

ರಸ್ತೆಗೆ ಇಳಿದ ಮೇಲೆ

ಪೆಟ್ಟಿಗೆ ತೂಗಿದ್ದು ಪಾಂಡವಪುರದ ಹತ್ತಿರದ ಒಂದು ಆಲೆಮನೆಯಲ್ಲಿ, ಬೆಲ್ಲ ತೂಗುವ ತಕ್ಕಡಿಯ ಮೇಲೆ. 22 ಕೆಜಿ ಚಿಲ್ಲರೆ. ಮಿತಿಯೊಳಗೇ ಬಂತು. ಪ್ಲೈ, ಹಾರ್ಡ್‌ವೇರ್, ಬಣ್ಣ ಎಲ್ಲ ಸೇರಿ ಖರ್ಚು ಹತ್ತು ಸಾವಿರದ ಒಳಗೆ. ಆಚಾರ್ರ ಕೂಲಿ ಬೇರೆ.

ಆಮೇಲೆ ಗಾಡಿಯನ್ನು ಮಾಮೂಲಿ ಸಾಮಾನು, ಮಾಮೂಲಿ ಜನರ ಸಮೇತ ವೇ ಬ್ರಿಡ್ಜಿಗೆ ಹತ್ತಿಸಿದೆವು. ಒಟ್ಟು ತೂಕ ಒಂದು ಸಲ, ಹಿಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿ ಇನ್ನೊಂದು ಸಲ. ಒಟ್ಟು ಮಿತಿಗಿಂತ ಸಾಕಷ್ಟು ಕೆಳಗಿತ್ತು, ಆದರೆ ಹಿಂದೆ ಭಾರ ಸ್ವಲ್ಪ ಜಾಸ್ತಿ ಕಂಡಿತು. 20 ಲೀಟರಿನ ನೀರಿನ ಕ್ಯಾನನ್ನು ಪೆಟ್ಟಿಗೆಯ ಮೇಲಿಂದ ತೆಗೆದು ಮುಂದಿನ ಸೀಟಿನ ಹಿಂದಕ್ಕೆ ತಂದೆವು. ವೇ ಬ್ರಿಡ್ಜ್ ಚೀಟಿಗೆ ಕೊಡುವ ಪುಡಿಗಾಸು ಈ ಇಡೀ ಕೆಲಸದ ಅತಿ ಲಾಭದ ಖರ್ಚು ಅಂತ ನನ್ನ ನಂಬಿಕೆ.

ಬೋಲ್ಟ್ ಬಿಗಿದ ಮೇಲೆ ತಲೆಯಿಂದ ಪಟ್ಟಿಯ ತನಕ ಬಿಳಿ ಬಣ್ಣದ ಒಂದು ಗೆರೆ ಎಳೆದಿದ್ದೆವು. ಬೋಲ್ಟ್ ತಿರುಗಿದರೆ ಗೆರೆ ಮುರಿಯುತ್ತದೆ, ಟಾರ್ಚ್ ಬಿಟ್ಟರೆ ಕಾಣುತ್ತದೆ. ನಾಲೆ ಏರಿಯ ಮೇಲೆ ಕೆಲವು ವಾರ ಓಡಿದ ನಂತರ ನೋಡಿದಾಗ ನಾಲ್ಕೂ ಗೆರೆ ನೇರವಾಗಿದ್ದವು. ಸಡಿಲವಾಗಿದ್ದು ಬೇರೆ ಕಡೆ: ಅಗಲದ ಡ್ರಾಯರಿನ ಚಾನೆಲ್ ಹಿಡಿದಿದ್ದ ಹಿಂದಿನ ಸ್ಕ್ರೂಗಳು. ಡ್ರಾಯರ್ ಪೂರ್ತಿ ಹೊರಗೆ ಬಂದಾಗ ಅದರ ಭಾರಕ್ಕೆ ಚಾನೆಲ್‌ನ ಹಿಂಬದಿ ಮೇಲಕ್ಕೆ ಎಳೆಯುತ್ತದೆ, ಆ ಎಳೆತ ಬೀಳುವುದು ಆ ಎರಡು ಸ್ಕ್ರೂಗಳ ಮೇಲೇ. ಆಚಾರ್ರು ಅವನ್ನು ತೆಗೆದು ಗೋಡೆಯ ಆಚೆಗೂ ಹಾಯುವ 4 ಮಿ.ಮೀ. ಬೋಲ್ಟ್ ಹಾಕಿದರು. ಆಮೇಲೆ ಅಲುಗಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಿರಿದಾದ ಡ್ರಾಯರ್ ಒಂದಿಷ್ಟು ಬಿಗಿಯಾಗಿ ಎಳೆಯುತ್ತಿತ್ತು, ಆದರೆ ಕಚ್ಚಿಕೊಳ್ಳಲಿಲ್ಲ. ಒಳಗಿನ ಮ್ಯಾಟಿನ ತುಂಡುಗಳನ್ನು ಹುಡುಗ ವಾರಕ್ಕೊಮ್ಮೆ ತೆಗೆದು ತೊಳೆದು ಒಣಗಿಸುತ್ತಾನೆ. ಕ್ಯಾಲ್ಸಿಯಂ ಬಾಟಲಿಯ ಕುಳಿ ಖಾಲಿ ಇದ್ದರೆ ಅಲ್ಲಿ ಬಾಟಲಿ ಇಲ್ಲ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಇದು ನಾವು ಯೋಚಿಸಿ ಮಾಡಿದ್ದಲ್ಲ, ತಾನಾಗಿ ಸಿಕ್ಕ ಅನುಕೂಲ. ಬೆಳಿಗ್ಗೆ ಹೊರಡುವ ಮುಂಚೆ ಡ್ರಾಯರ್ ಎಳೆದರೆ ಯಾವುದು ಮುಗಿದಿದೆ ಅಂತ ಲೆಕ್ಕ ಸಿಕ್ಕಿಬಿಡುತ್ತದೆ ಅಂತ ಡಾಕ್ಟ್ರಮ್ಮ ಹೇಳಿದರು.

ರಾತ್ರಿಯ ಕೆಲಸದ ಬಗ್ಗೆ ಕೇಳಿದೆ. "ಈಗ ಹಸು ನೋಡ್ತಾ ನೋಡ್ತಾನೇ ಹುಡುಗನ ಕೈಲಿ ತರಿಸ್ಕೋಬಹುದು. ಮೊದಲು ನಾನೇ ಬಂದು ಹುಡುಕ್ಬೇಕಿತ್ತು" ಅಂದರು. ಮೊದಲ ಸಾಲು ಎಡಗಡೆ, ಎರಡನೇ ಕುಳಿ ಅಂತ ಕೊಟ್ಟಿಗೆಯಿಂದಲೇ ಕೂಗಿದರೆ ಅವನು ತಂದುಕೊಡುತ್ತಾನೆ. ರಾತ್ರಿ ಹಸುವಿನ ಪಕ್ಕ ಬಿಟ್ಟು ಎದ್ದು ಬರಬೇಕಾಗಿಲ್ಲ.

ಭಾನುವಾರ ಪೆಟ್ಟಿಗೆ ಇಳಿಸುವ ಕೆಲಸ ನಾವು ಅಂದುಕೊಂಡಷ್ಟು ನಡೆಯುತ್ತಿಲ್ಲ. ಪೆಟ್ಟಿಗೆ ಹಗುರ ಇರುವುದರಿಂದ ನಾಲ್ಕು ಜನ ಕೂತರೂ ತೂಕ ಮಿತಿಯೊಳಗೇ ಇರುತ್ತದೆ. ಹಾಗಾಗಿ ಡ್ರಾಯರಿನ ಔಷಧಿ ಮಾತ್ರ ತೆಗೆದು ಮನೆಯಲ್ಲಿಟ್ಟು, ಅಲ್ಲಿ ಮಕ್ಕಳ ಬಟ್ಟೆ ತುಂಬಿಕೊಂಡು ಬರುತ್ತಾರೆ. ಕೃತಕ ಗರ್ಭಧಾರಣೆಯ ಡ್ರಾಯರನ್ನು ಮಾತ್ರ ಮಕ್ಕಳ ಸಾಮಾನಿಗೆ ಬಳಸಬೇಡಿ, ಎಷ್ಟು ತೊಳೆದರೂ ಬೇಡ ಅಂತ ಹೇಳಿದ್ದೇನೆ. ಅವರೂ ಒಪ್ಪಿದ್ದಾರೆ.

ಸದ್ಯ ಬಾಕಿ ಇರುವುದು ಬೆಳಕು. ಡ್ರಾಯರ್ ಎಳೆದಾಗ ತಾನೇ ಹತ್ತುವ ಎಲ್.ಇ.ಡಿ. ಪಟ್ಟಿ ಬೇಕು ಅಂತ ಡಾಕ್ಟ್ರಮ್ಮನ ಆಸೆ. ಗಾಡಿಯ ವೈರನ್ನು ಕತ್ತರಿಸಿ ಕೂಡಿಸುವುದಕ್ಕೆ ನನಗೆ ಮನಸ್ಸಿಲ್ಲ. 12 ವೋಲ್ಟ್ ಸಾಕೆಟ್‌ನಿಂದ ಸಣ್ಣ ಫ್ಯೂಸ್ ಹಾಕಿದ ವೈರನ್ನು ಪೆಟ್ಟಿಗೆಯ ತನಕ ತಂದು, ಬೀರುವಿನ ಬಾಗಿಲಿಗೆ ಹಾಕುವಂಥ ಒತ್ತುಗುಂಡಿಯನ್ನು ಗೂಡಿನ ಹಿಂದೆ ಕೂರಿಸಬೇಕು ಅಂತಿದ್ದೇವೆ. ಪೆಟ್ಟಿಗೆ ಇಳಿಸುವಾಗ ಬಿಚ್ಚಿಕೊಳ್ಳುವ ಪ್ಲಗ್ಗನ್ನು ಎಲ್ಲಿ ಇಡುವುದು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಆಚಾರ್ರು ಎಡಗಡೆ ಗೋಡೆ ಅನ್ನುತ್ತಾರೆ, ನಾನು ಹಿಂದಿನ ಮೂಲೆ ಅನ್ನುತ್ತೇನೆ.